ಓಟಿಜಿ ಒಳಗೆ ಹಳೆ ಜಿಡ್ಡು, ಹಚ್ಚಿದರೆ ಹೊಗೆ. ಆಸಿಡ್ ಹಾಕಬಹುದಾ?

ರಾಗಿಕುಕ್ಕಿ (ಚಿಕ್ಕಮಗಳೂರು)
ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತಿಗೆ ಬೆಂಗಳೂರಿಗೆ ಮನೆ ಬದಲಿಸುವಾಗ ಅವರ ಓಟಿಜಿ (ಕೇಕ್ ಮಾಡುವ, ಸುಡುವ ಕರೆಂಟ್ ಓವನ್) ನಮಗೆ ಕೊಟ್ಟು ಹೋದರು. ದೊಡ್ಡದೇ, 2000 ವಾಟ್. ಅವರ ಮನೆಯಲ್ಲಿ ಭಾನುವಾರ ಬಂತೆಂದರೆ ಕೋಳಿ ಸುಡಲೇಬೇಕು. ಒಳಗೆ ಬಗ್ಗಿ ನೋಡಿದರೆ ಆ ಎಲ್ಲ ಭಾನುವಾರಗಳೂ ಅಲ್ಲೇ ಇವೆ! ಮೇಲ್ಭಾಗದ ತಗಡಿಗೆ ಕಂದು ಅಂಟು, ಕೆಳಗಿನ ರಾಡ್ ಮೇಲೆ ಕರಕಲು, ಬಾಗಿಲಿನ ಗಾಜಿನಲ್ಲಿ ಏನೂ ಕಾಣುವುದಿಲ್ಲ.

ಮಳೆಗಾಲ ಪೂರ್ತಿ ಸ್ಟೋರ್ ರೂಮಿನಲ್ಲಿ ಇಟ್ಟಿದ್ದೆವು. ನಿನ್ನೆ ಹಚ್ಚಿದರೆ ಸ್ವಲ್ಪ ಹೊತ್ತಿಗೇ ಹೊಗೆ, ಕಮಟು ವಾಸನೆ. ಆಮೇಲೆ ಮೀಟರ್ ಬೋರ್ಡಿನಲ್ಲಿ ಟಪ್ ಅಂತ ಕರೆಂಟ್ ಹೋಯಿತು.

ಮನೆಯಲ್ಲಿ ಮೂರು ಮತ. ಬಾತ್‌ರೂಮ್ ಆಸಿಡ್ ನೀರಿಗೆ ಬೆರೆಸಿ ಒರೆಸು ಎನ್ನುತ್ತಾರೆ ನಮ್ಮ ಯಜಮಾನರು. ಬೂದಿ, ಹುಣಸೆಹಣ್ಣಿಗಿಂತ ಬೇಕಾ ಎನ್ನುತ್ತಾರೆ ಅತ್ತೆ. ಯೂಟ್ಯೂಬಿನವರು ಅಡುಗೆ ಸೋಡಾ, ವಿನೆಗರ್ ಎನ್ನುತ್ತಾರೆ. ಮುಂದಿನ ವಾರ ಮಗಳ ಹುಟ್ಟುಹಬ್ಬ, ಕೇಕ್ ಮನೆಯಲ್ಲೇ ಆಗಬೇಕು ಅಂತ ಹಟ ಹಿಡಿದಿದ್ದಾಳೆ. ಗೊತ್ತಿದ್ದವರು ಹೇಳಿ.

ಮೂಡಿಗೆರೆ ಮಳೆ
ಆಸಿಡ್ ಬೇಡ. ಬೇಡವೇ ಬೇಡ.

ಫ್ಯೂಸ್‌ಮಾವ (ಹಾಸನ)
ಮೊದಲು ಪ್ಲಗ್ ಕಿತ್ತು ಪಕ್ಕಕ್ಕೆ ಇಡಿ ತಾಯಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೆ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಕೊಟ್ಟಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಸ್ವಿಚ್ ಆಫ್ ಇದ್ದರೂ ರಾಡಿನವರೆಗೆ ಕರೆಂಟ್ ಬಂದಿರುತ್ತದೆ.

ಆಸಿಡ್ ವಿಷಯ. ಓಟಿಜಿ ಒಳಗಿನ ತಗಡು ಸಾಮಾನ್ಯವಾಗಿ ಸತು ಅಥವಾ ಅಲ್ಯೂಮಿನಿಯಂ ಲೇಪ ಕೊಟ್ಟ ಕಬ್ಬಿಣ. ಬಾತ್‌ರೂಮ್ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಸಿಡ್. ಅದು ಜಿಡ್ಡನ್ನು ಬಿಟ್ಟು ಆ ಲೇಪವನ್ನೇ ತಿನ್ನುತ್ತದೆ. ಲೇಪ ಹೋದ ಜಾಗ ನಮ್ಮ ಕಡೆಯ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಸಂದಿಯಲ್ಲಿ ಉಳಿದದ್ದು ಬಿಸಿಯಾದಾಗ ಆವಿಯಾಗಿ ಮೂಗಿಗೂ ಬರುತ್ತದೆ, ಕೇಕಿಗೂ ಬರುತ್ತದೆ.

ಇನ್ನು ಕರೆಂಟ್ ಹೋದದ್ದು. ಬೋರ್ಡಿನಲ್ಲಿ ಯಾವುದು ಬಿತ್ತು ನೋಡಿ. ‘ಟಿ’ ಅಂತ ಬರೆದ ಪುಟ್ಟ ಗುಂಡಿ ಇರುವುದಾ, ಅಥವಾ ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಬೀಳುವ ಸಾದಾ ಎಂಸಿಬಿಯಾ? ಎರಡಕ್ಕೂ ಕಾರಣ ಬೇರೆ ಬೇರೆ.

ರಾಗಿಕುಕ್ಕಿ
ಗುಂಡಿ ಇರುವುದೇ ಬಿದ್ದದ್ದು ಮಾವ. ಮನೆಯವರು ಹೇಳಿದರು.

ಫ್ಯೂಸ್‌ಮಾವ (ಹಾಸನ)
ಹಾಗಾದರೆ ಅದು ಆರ್‌ಸಿಸಿಬಿ, ಜನ ಈಎಲ್‌ಸಿಬಿ ಅನ್ನುತ್ತಾರೆ. ಮನೆಗಳಲ್ಲಿ ಹಾಕುವುದು ಹೆಚ್ಚಾಗಿ 30 ಮಿಲಿ ಆಂಪಿಯರಿನದು. ಒಳಗೆ ಹೋದ ಕರೆಂಟ್ ಪೂರ್ತಿ ವಾಪಸ್ ಬರದೆ ಅರ್ಥಿಗೆ ಸೋರುತ್ತಿದ್ದರೆ ಬೀಳುತ್ತದೆ. ನಿಮ್ಮದರಲ್ಲಿ ಸೋರಿಕೆ ಇದೆ.

ಮಲೆನಾಡಿನಲ್ಲಿ ಇದು ಪ್ರತಿ ವರ್ಷದ ಕಥೆ. ರಾಡ್ ಅಂದರೆ ಹೊರಗೆ ಲೋಹದ ಕೊಳವೆ, ನಡುವೆ ನೈಕ್ರೋಮ್ ತಂತಿ, ಎರಡರ ಮಧ್ಯೆ ಬಿಳಿ ಪುಡಿ ತುಂಬಿರುತ್ತಾರೆ, ಮೆಗ್ನೀಸಿಯಂ ಆಕ್ಸೈಡ್. ಈ ಪುಡಿ ಒಣಗಿದ್ದರೆ ಕರೆಂಟ್ ಬಿಡುವುದಿಲ್ಲ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ರಾಡಿನ ತುದಿಯಿಂದ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಆಗ ಸೋರುತ್ತದೆ. ಗೀಸರ್, ಇಸ್ತ್ರಿಪೆಟ್ಟಿಗೆಯಲ್ಲೂ ಇದೇ ಆಟ.

ಬಾಗಿಲು ತೆಗೆದು ಒಳ್ಳೆ ಬಿಸಿಲು ಬೀಳುವ ಕಡೆ ಎರಡು ಮೂರು ದಿನ ಇಡಿ. ಆಮೇಲೆ ಅರ್ಥಿಂಗ್ ಇರುವ 16 ಆಂಪಿಯರ್ ಪಾಯಿಂಟಿಗೆ ಹಾಕಿ, ಖಾಲಿ ಇಟ್ಟು ಕಡಿಮೆ ಶಾಖದಲ್ಲಿ ಅರ್ಧ ಗಂಟೆ ಬಿಡಿ. ಆಗಲೂ ಬಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಮೆಗ್ಗರ್ (ಸೋರಿಕೆ ಪರೀಕ್ಷಿಸುವ ಮೀಟರ್) ಹಾಕಿಸಿ, ರಾಡ್ ಹೋಗಿದ್ದರೆ ಹೊಸದು ಹಾಕಿಸಿ. ಏನೇ ಆದರೂ ‘ಪದೇ ಪದೇ ಬೀಳುತ್ತೆ’ ಅಂತ ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಸಬೇಡಿ. ಮಾಡಿಕೊಡುತ್ತೇನೆ ಅನ್ನುವವನನ್ನು ಮನೆಗೆ ಸೇರಿಸಲೂ ಬೇಡಿ.

ತರೀಕೆರೆ ತರಲೆ
ಅಷ್ಟೆಲ್ಲ ಯಾಕೆ ಮಾರಾಯ್ರೆ, ಹೊಸದೊಂದು ತಗೊಳ್ಳಿ. ಐದಾರು ಸಾವಿರಕ್ಕೆ ಸಿಗುತ್ತೆ.

ಮೂಡಿಗೆರೆ ಮಳೆ
ದುಡ್ಡು ನೀವು ಕೊಡುತ್ತೀರಾ ತರಲೆ ಅಣ್ಣ?

ಅಡಿಗೆಮನೆ ಸುಮಕ್ಕ (ಸಕಲೇಶಪುರ)
ನಾನು ಮನೆಯಿಂದಲೇ ಕೇಕ್ ಮಾಡಿ ಕೊಡುವವಳು. ಡಿಸೆಂಬರಿನಲ್ಲಿ ನಮ್ಮ ಓಟಿಜಿಗೆ ಉಸಿರಾಡಲೂ ಬಿಡುವು ಇರುವುದಿಲ್ಲ. ನಾನು ಮಾಡುವ ಕ್ರಮ ಹೇಳುತ್ತೇನೆ.

ಪೂರ್ತಿ ಆರಿರಬೇಕು. ಟ್ರೇ, ಜಾಲರಿ, ಕೆಳಗಿನ ಚೂರು ಬೀಳುವ ತಟ್ಟೆ ಎಲ್ಲ ಹೊರಗೆ ತೆಗೆದು ಬಿಸಿನೀರು, ಪಾತ್ರೆ ಸೋಪಿನಲ್ಲಿ ನೆನೆಹಾಕಿ. ಓಟಿಜಿ ಒಳಗಿರುವ ಒಣ ಪುಡಿಯನ್ನು ಹಳೆ ಪೇಂಟ್ ಬ್ರಷ್ಷಿನಿಂದ ಗುಡಿಸಿ ತೆಗೆಯಿರಿ. ಒದ್ದೆ ಬಟ್ಟೆ ಮೊದಲೇ ಹಾಕಿದರೆ ಪುಡಿಯೆಲ್ಲ ಕೆಸರಾಗಿ ಮೂಲೆಗೆ ಸೇರುತ್ತದೆ.

ಈಗ ಅಡುಗೆ ಸೋಡಾ. ಸ್ವಲ್ಪವೇ ನೀರು ಹಾಕಿ ದೋಸೆ ಹಿಟ್ಟಿಗಿಂತ ಗಟ್ಟಿ ಕಲಸಬೇಕು, ಸ್ಪೂನ್ ತಲೆಕೆಳಗು ಮಾಡಿದರೂ ಬೀಳಬಾರದು. ಇದು ಮುಖ್ಯ. ತೆಳು ಮಾಡಿದರೆ ಗೋಡೆಯ ಮೇಲೆ ನಿಲ್ಲದೆ ಇಳಿದು ರಾಡ್ ಸೇರುವ ತೂತಿಗೆ ಹೋಗುತ್ತದೆ. ಜಿಡ್ಡು ಇರುವ ಕಡೆ ಬೆರಳಿನಿಂದ ಹಚ್ಚಿ, ರಾಡಿನಿಂದ ಎರಡು ಬೆರಳು ದೂರ ಬಿಡಿ. ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಅಂಚೆಲ್ಲ ಒಣಗಿ ಬಿಳಿ ಆಗಿರುತ್ತದೆ, ಜಿಡ್ಡು ಇದ್ದ ಕಡೆ ಮಾತ್ರ ಕಂದು ಬಣ್ಣ ಎಳೆದುಕೊಂಡಿರುತ್ತದೆ. ಹಳೆಯ ಎಟಿಎಂ ಕಾರ್ಡಿನಿಂದ ಕೆರೆದರೆ ಉಂಡೆ ಉಂಡೆಯಾಗಿ ಬರುತ್ತದೆ. ಆಮೇಲೆ ಹಿಂಡಿದ ಬಟ್ಟೆಯಿಂದ ಒರೆಸಿ, ನೀರು ಬದಲಿಸಿ, ಮತ್ತೆ ಒರೆಸಿ. ಬಿಳಿ ಕಲೆ ಉಳಿದರೆ ಕೊನೆಗೆ ಸ್ವಲ್ಪ ವಿನೆಗರ್ ಹಾಕಿದ ಬಟ್ಟೆ.

ರಾಡಿಗೆ ಏನೂ ಹಚ್ಚಬೇಡಿ. ಅದರ ಮೇಲಿನ ಕರಕಲು ಒಣ ಬಟ್ಟೆಗೆ ಉದುರಿದಷ್ಟು ಉದುರಲಿ, ಉಳಿದದ್ದು ತಾನೇ ಸುಟ್ಟು ಹೋಗುತ್ತದೆ.

ತುಂಗೆತೀರ
ಸುಮಕ್ಕ, ಸೋಡಾ ಮತ್ತು ವಿನೆಗರ್ ಮೊದಲೇ ಬಾಟಲಿಯಲ್ಲಿ ಕಲಸಿ ಇಟ್ಟುಕೊಂಡರೆ ಕೆಲಸ ಸುಲಭ ಅಲ್ವಾ? ಬುರುಬುರು ನೊರೆ ಬರುತ್ತೆ, ಜಿಡ್ಡು ಕಿತ್ತು ಬರುತ್ತೆ.

ಲ್ಯಾಬ್ ಮೇಷ್ಟ್ರು (ಬೇಲೂರು)
ನೊರೆ ನೋಡಲು ಚೆಂದ, ಅಷ್ಟೇ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಸೇರಿದರೆ ಒಂದನ್ನೊಂದು ಹೊಡೆದುಹಾಕಿ ಇಂಗಾಲದ ಡೈಆಕ್ಸೈಡ್ ಹಾರಿ ಹೋಗುತ್ತದೆ, ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು. ಅದರಿಂದ ಜಿಡ್ಡು ಹೋಗುವುದಿಲ್ಲ. ಮುಚ್ಚಿದ ಬಾಟಲಿಯಲ್ಲಿ ಕಲಸಿದರೆ ಗ್ಯಾಸ್ ತುಂಬಿ ಬಾಟಲಿ ಸಿಡಿಯಬಹುದು. ಸುಮಕ್ಕ ಹೇಳಿದ್ದೇ ಸರಿ, ಮೊದಲು ಸೋಡಾ, ಅದರ ಕೆಲಸ ಮುಗಿದ ಮೇಲೆ ವಿನೆಗರ್.

ಸುಮಕ್ಕನಿಗೆ ಒಂದೇ ತಿದ್ದುಪಡಿ. ಅಲ್ಯೂಮಿನಿಯಂ ಟ್ರೇ ಮೇಲೆ ಸೋಡಾ ರಾತ್ರಿಯೆಲ್ಲ ಬಿಡಬೇಡಿ, ಕಪ್ಪಾಗುತ್ತದೆ. ಒಳಗಿನ ತಗಡು ಅಲ್ಯೂಮಿನಿಯಂ ಲೇಪದ್ದಾದರೂ ಅಷ್ಟೇ, ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿ. ವಾಷಿಂಗ್ ಸೋಡಾ ಇನ್ನೂ ಜೋರು, ಅದು ಬೇಡವೇ ಬೇಡ.

ಆಸಿಡ್ ಪಕ್ಷದವರಿಗೆ ಒಂದು ಮಾತು. ಆಸಿಡ್ ಹಾಕಿದ ಮೇಲೆ ವಾಸನೆ ಹೋಗಲಿ ಅಂತ ಬ್ಲೀಚಿಂಗ್ ಪೌಡರ್ ಹಾಕುವವರಿದ್ದಾರೆ. ಅದರಿಂದ ಬರುವುದು ಕ್ಲೋರಿನ್ ಅನಿಲ. ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಪ್ರಾಣಕ್ಕೇ ಬರುತ್ತದೆ. ಬ್ಲೀಚ್‌ಗೆ ವಿನೆಗರ್ ಸೇರಿಸಿದರೂ ಅದೇ.

ತೊಟ್ಟಿಮನೆ (ಕೊಪ್ಪ)
ಪಾಪ, ಅತ್ತೆಯವರ ಬೂದಿ ಬಗ್ಗೆ ಯಾರೂ ಮಾತೇ ಆಡಲಿಲ್ಲ! ನಮ್ಮನೆಯಲ್ಲಿ ಇವತ್ತಿಗೂ ಹಂಡೆ ಒಲೆ ಬೂದಿ ಜರಡಿ ಹಿಡಿದು ಡಬ್ಬಿಯಲ್ಲಿ ಇಡುತ್ತಾರೆ. ಹೋಳಿಗೆ ಹಂಚಿನ ಜಿಡ್ಡಿಗೆ ಅದರ ಮುಂದೆ ಯಾವ ಸೋಪೂ ಇಲ್ಲ.

ಲ್ಯಾಬ್ ಮೇಷ್ಟ್ರು (ಬೇಲೂರು)
ಅತ್ತೆಯವರು ತಪ್ಪು ಹೇಳಿಲ್ಲ. ಕಟ್ಟಿಗೆ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ, ಅದು ಕ್ಷಾರ. ಜಿಡ್ಡಿನ ಜೊತೆ ಸೇರಿ ಒಂದಷ್ಟು ಸೋಪಾಗುತ್ತದೆ. ಕಬ್ಬಿಣದ ಜಾಲರಿಗೆ, ಸ್ಟೀಲ್ ಟ್ರೇಗೆ ಧಾರಾಳವಾಗಿ ಹಾಕಿ. ಗಾಜಿಗೆ, ತಗಡಿಗೆ ಬೇಡ, ಗೀರು ಬೀಳುತ್ತದೆ. ಹುಣಸೆಹಣ್ಣು ತಾಮ್ರ, ಹಿತ್ತಾಳೆಯ ಕಲೆಗೆ ಚೆನ್ನ. ಜಿಡ್ಡಿಗೆ ಅಲ್ಲ.

ರಾಗಿಕುಕ್ಕಿ
ಅತ್ತೆಗೆ ಇದನ್ನು ಓದಿ ಹೇಳಿದೆ. ‘ನಾನು ಹೇಳಲಿಲ್ವಾ’ ಅಂತ ಇಡೀ ಬೀದಿಗೆ ಹೇಳಿಕೊಂಡು ಬಂದರು. ಹುಣಸೆಹಣ್ಣಿನ ಭಾಗ ಮಾತ್ರ ಅವರ ಕಿವಿಗೆ ಬಿದ್ದಿಲ್ಲ.

ಅರಸೀಕೆರೆ ಕಾಯಿ
ನಾನು ಪೈಪ್ ಹಿಡಿದು ನೀರು ಹೊಡೆದೇ ತೊಳೆಯುವುದು. ಆಮೇಲೆ ತಾರಸಿ ಮೇಲೆ ಒಣಗಿಸುತ್ತೇನೆ. ಇದುವರೆಗೆ ಏನೂ ಆಗಿಲ್ಲ. ನೀವೆಲ್ಲ ಸುಮ್ನೆ ಹೆದರಿಸುತ್ತೀರಿ.

ಫ್ಯೂಸ್‌ಮಾವ (ಹಾಸನ)
ಅರಸೀಕೆರೆ ಬಿಸಿಲು ನಿಮ್ಮನ್ನು ಕಾಪಾಡಿದೆ ಸ್ವಾಮಿ. ಅದೇ ಕೆಲಸ ಆಗುಂಬೆ ಕಡೆ ಮಾಡಿ ನೋಡಿ. ಪಕ್ಕದಲ್ಲಿ ಟೈಮರ್, ಥರ್ಮೋಸ್ಟಾಟ್, ವೈರ್ ತುದಿಗಳು ಎಲ್ಲ ಒಂದು ತಗಡಿನ ಆಚೆ ಇರುತ್ತವೆ. ನೀರು ಅಲ್ಲಿಗೆ ಹೋದದ್ದು ಹೊರಗಿನಿಂದ ಕಾಣುವುದೂ ಇಲ್ಲ. ಅರ್ಥಿಂಗ್ ಇಲ್ಲದ ಮನೆಯಾದರೆ ಮುಟ್ಟಿದಾಗಲೇ ಗೊತ್ತಾಗುವುದು.

ಅರಸೀಕೆರೆ ಕಾಯಿ
ನಮ್ಮನೆ ಅರ್ಥಿಂಗ್ ಚೆನ್ನಾಗಿದೆ.

ಫ್ಯೂಸ್‌ಮಾವ (ಹಾಸನ)
ಚೆಕ್ ಮಾಡಿಸಿದ್ದೀರಾ, ಅಥವಾ ಮೂರು ತೂತಿನ ಸಾಕೆಟ್ ಇದೆ ಅಂತ ಹೇಳುತ್ತಿದ್ದೀರಾ?

ಅರಸೀಕೆರೆ ಕಾಯಿ
…ಚೆಕ್ ಮಾಡಿಸುತ್ತೇನೆ.

ಬಿಳಿಕಾಫಿ ಕರಿಕಾಫಿ (ಆಲ್ದೂರು)
ನನ್ನದು ಬೇರೆ ತರಹದ ಕೊಳೆ. ಮನೆ ಮಟ್ಟಿಗೆ ಕಾಫಿ ಬೀಜ ಓಟಿಜಿಯಲ್ಲೇ ಹುರಿಯುತ್ತೇನೆ, 220 ಡಿಗ್ರಿ ಆಸುಪಾಸು. ಬೀಜ ಚಟಚಟ ಅಂದಾಗ ಮೇಲಿನ ತೆಳು ಸಿಪ್ಪೆ ಬಿಟ್ಟುಕೊಂಡು ಹಾರಾಡುತ್ತದೆ. ಫ್ಯಾನ್ ಇರುವ ಓಟಿಜಿ ಆದ್ದರಿಂದ ಕೇಳಲೇಬೇಡಿ, ರಾಡ್ ಹಿಂದೆ, ಲೈಟಿನ ಸುತ್ತ, ಎಲ್ಲ ಕಡೆ. ಒಮ್ಮೊಮ್ಮೆ ರಾಡಿಗೆ ತಾಗಿ ಕಿಡಿ ಹೊಳೆಯುತ್ತದೆ. ಇದಕ್ಕೇನು ಮಾಡುವುದು?

ತೊಟ್ಟಿಮನೆ (ಕೊಪ್ಪ)
ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದರು ಅಂತಾರೆ. ಓಟಿಜಿಯಲ್ಲಿ ಹುರಿಯಲಿ ಅಂತನಾ? ಬಾಣಲೆ ಇಲ್ಲವಾ ಮನೆಯಲ್ಲಿ?

ಬಿಳಿಕಾಫಿ ಕರಿಕಾಫಿ (ಆಲ್ದೂರು)
ಬಾಣಲೆಯಲ್ಲಿ ಒಂದು ಕಡೆ ಕರಕಲು, ಒಂದು ಕಡೆ ಹಸಿ. ಓಟಿಜಿಯಲ್ಲಿ ಒಂದೇ ಸಮ ಬರುತ್ತೆ. ನಮ್ಮ ತೋಟದ ಕಾಫಿ, ನಮ್ಮ ಇಷ್ಟ.

ಗಿರಿಗಾಳಿ
ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ್ದು) ಹುರಿಯಿರಿ, ಚೆರ್ರಿಗಿಂತ (ಹಣ್ಣು ಹಾಗೇ ಒಣಗಿಸಿದ್ದು) ಸಿಪ್ಪೆ ಕಡಿಮೆ. ಹುರಿಯುವ ಮೊದಲು ಮೊರದಲ್ಲಿ ಕೇರಿಕೊಂಡರೆ ಇನ್ನೂ ಕಡಿಮೆ. ಮತ್ತೆ ಚಿಕೋರಿ ಹಾಕುತ್ತೀರಾ?

ಬಿಳಿಕಾಫಿ ಕರಿಕಾಫಿ (ಆಲ್ದೂರು)
ಚಿಕೋರಿ ಹೆಸರು ಎತ್ತಿದರೆ ನಮ್ಮಪ್ಪ ಮನೆಯಿಂದ ಹೊರಗೆ ಹಾಕುತ್ತಾರೆ.

ಅಡಿಗೆಮನೆ ಸುಮಕ್ಕ (ಸಕಲೇಶಪುರ)
ನಾವು ಹಾಕುತ್ತೇವೆ, ಡಿಕಾಕ್ಷನ್ ಗಟ್ಟಿ ಬರುತ್ತೆ. ಬೈಯಬೇಡಿ. ವಿಷಯಕ್ಕೆ ಬನ್ನಿ, ಆ ಸಿಪ್ಪೆ ಹಗುರ, ಒಣಗಿದ್ದು, ಬೇಗ ಹತ್ತಿಕೊಳ್ಳುತ್ತದೆ. ಪ್ರತಿ ಸಲ ಹುರಿದು ಆರಿದ ಮೇಲೆ ಚೂರಿನ ತಟ್ಟೆ ಎಳೆದು ಕೊಡವಿ, ಒಳಗೆ ಒಣ ಬ್ರಷ್ ಹೊಡೆಯಿರಿ. ಹುರಿಯುವಾಗ ಅಲ್ಲೇ ನಿಂತಿರಿ. ಒಳಗೆ ಬೆಂಕಿ ಕಂಡರೆ ಬಾಗಿಲು ತೆಗೆಯಬಾರದು. ಸ್ವಿಚ್ ಆಫ್, ಕೈಗೆ ಸಿಗುವಂತಿದ್ದರೆ ಪ್ಲಗ್ ಕೀಳಿ, ಬಾಗಿಲು ಮುಚ್ಚೇ ಇರಲಿ. ಗಾಳಿ ಸಿಗದೆ ತಾನೇ ಆರುತ್ತದೆ. ನೀರು ಎರಚಬಾರದು.

ಕಡೂರು ಎಕ್ಸ್‌ಪ್ರೆಸ್
ಚೂರಿನ ತಟ್ಟೆಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿಬಿಡಿ. ಕೊಳೆಯಾದಾಗ ಎತ್ತಿ ಬಿಸಾಡಿದರಾಯಿತು.

ಫ್ಯೂಸ್‌ಮಾವ (ಹಾಸನ)
ಬೇಡ. ಕೆಳಗಿನ ರಾಡಿಗೆ ಫಾಯಿಲ್ ಹತ್ತಿರವಾದರೆ ಶಾಖ ವಾಪಸ್ ರಾಡಿಗೇ ಹೊಡೆಯುತ್ತದೆ. ಗಾಳಿಯ ತೂತು ಮುಚ್ಚಿದರೆ ಇನ್ನೂ ಕಷ್ಟ. ಅದೇ ರೀತಿ ಓಟಿಜಿ ಮೇಲೆ ಬ್ರೆಡ್ ಪೊಟ್ಟಣ, ಪ್ಲಾಸ್ಟಿಕ್ ಡಬ್ಬಿ ಇಡುವುದು, ಗೋಡೆಗೆ ಅಂಟಿಸಿ ಇಡುವುದು, ಕಿಟಕಿ ಪರದೆ ಪಕ್ಕ ಇಡುವುದು ಬೇಡ. ಸುತ್ತ ಒಂದು ಗೇಣು ಜಾಗ ಬಿಡಿ.

ಹೊಳೆನರಸೀಪುರದವಳು
ಅಂಗಡಿಯಲ್ಲಿ ಓವನ್ ಕ್ಲೀನರ್ ಅಂತ ಸ್ಪ್ರೇ ಬರುತ್ತದಲ್ಲ, ಅದು ಹೇಗೆ? ನನ್ನ ತಂಗಿ ಒಂದು ತರಿಸಿದ್ದಾಳೆ, ಇನ್ನೂ ಮುಚ್ಚಳ ತೆಗೆದಿಲ್ಲ.

ಲ್ಯಾಬ್ ಮೇಷ್ಟ್ರು (ಬೇಲೂರು)
ಹಿಂದೆ ಬರೆದಿರುವುದನ್ನು ಓದಿ. ಸೋಡಿಯಂ ಹೈಡ್ರಾಕ್ಸೈಡ್ ಅಂತ ಇದ್ದರೆ ಅದು ಕಾಸ್ಟಿಕ್ ಸೋಡಾ. ಜಿಡ್ಡನ್ನು ನಿಜವಾಗಿ ತಿನ್ನುತ್ತದೆ. ಆದರೆ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ, ಚರ್ಮವನ್ನೂ ಬಿಡುವುದಿಲ್ಲ. ಎನಾಮಲ್ ಹಚ್ಚಿದ ದೊಡ್ಡ ಓವನ್‌ಗಳಿಗೆ ಮಾಡಿದ್ದು ಅದು. ನಮ್ಮ ಓಟಿಜಿ ತಗಡಿಗೆ ಹೊಂದುವುದಿಲ್ಲ. ಬಳಸಲೇಬೇಕಾದರೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಕಿಟಕಿ ತೆಗೆದಿರಲಿ, ಮಕ್ಕಳು ಹತ್ತಿರ ಬೇಡ. ಕಣ್ಣಿಗೆ ಹಾರಿದರೆ ಉಜ್ಜದೆ, ಹರಿಯುವ ನಲ್ಲಿ ನೀರಿನಲ್ಲಿ ಕನಿಷ್ಠ 15–20 ನಿಮಿಷ ತೊಳೆದು ನೇರ ಡಾಕ್ಟರ ಹತ್ತಿರ ಹೋಗಿ.

ಟೆಕ್ಸಾಸ್‌ನ ಹಾಸನದವ
ಇಲ್ಲಿನ ಓವನ್‌ಗಳಲ್ಲಿ ಸೆಲ್ಫ್ ಕ್ಲೀನ್ ಗುಂಡಿ ಇರುತ್ತದೆ. ಒತ್ತಿದರೆ ಬಾಗಿಲು ಲಾಕ್ ಆಗಿ ಒಳಗೆ 480 ಡಿಗ್ರಿ ಆಸುಪಾಸು ಏರುತ್ತದೆ, ಜಿಡ್ಡೆಲ್ಲ ಬೂದಿ. ಕೆಲವು ಗಂಟೆ ಮನೆಯೆಲ್ಲ ಸುಟ್ಟ ವಾಸನೆ. ನಾನ್‌ಸ್ಟಿಕ್ ಪಾತ್ರೆ ಒಳಗೆ ಮರೆತು ಹೀಗೆ ಮಾಡಿದರೆ ಬರುವ ಹೊಗೆಗೆ ಮನೆಯಲ್ಲಿ ಸಾಕಿದ ಗಿಳಿ ಸತ್ತೇ ಹೋಗುತ್ತದೆ. ನಮ್ಮಮ್ಮ ಬಂದಿದ್ದಾಗ ಆ ಗುಂಡಿಯನ್ನು ನಂಬದೆ ತೆಂಗಿನ ನಾರು ಕೇಳಿದರು.

ತರೀಕೆರೆ ತರಲೆ
ಓಟಿಜಿಯನ್ನೂ ಫುಲ್ ಶಾಖದಲ್ಲಿ ಎರಡು ಗಂಟೆ ಬಿಟ್ಟರೆ ಸುಟ್ಟು ಹೋಗಲ್ವಾ?

ಅಡಿಗೆಮನೆ ಸುಮಕ್ಕ (ಸಕಲೇಶಪುರ)
ಓಟಿಜಿ ಹೋಗುವುದೇ 250 ಡಿಗ್ರಿವರೆಗೆ. ಆ ಶಾಖಕ್ಕೆ ಜಿಡ್ಡು ಬೂದಿಯಾಗುವುದಿಲ್ಲ, ಇನ್ನೂ ಗಟ್ಟಿ ಅಂಟಿಕೊಳ್ಳುತ್ತದೆ. ದಪ್ಪ ಜಿಡ್ಡಾದರೆ ಬೆಂಕಿಯೂ ಹತ್ತಬಹುದು.

ಬಾಳೆಹೊನ್ನೂರು ಬಾಳೆ
ಇಲ್ಲೇ ಕೇಳುತ್ತೇನೆ, ಬೈಯಬೇಡಿ. ನಮ್ಮ ಮೈಕ್ರೋವೇವ್ ಒಳಗೆ ಬಲಗಡೆ ರಟ್ಟಿನ ತರಹ ಒಂದು ಹಾಳೆ ಇದೆ. ಅಲ್ಲಿ ಚಿಟಿಚಿಟಿ ಕಿಡಿ ಬರುತ್ತಿದೆ. ಭಾವ ಹಿಂದಿನ ಕವರ್ ಬಿಚ್ಚಿ ನೋಡುತ್ತೇನೆ ಅಂತ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಾರೆ.

ಫ್ಯೂಸ್‌ಮಾವ (ಹಾಸನ)
ಭಾವನವರ ಕೈಯಿಂದ ಸ್ಕ್ರೂಡ್ರೈವರ್ ಮೊದಲು ಕಿತ್ತುಕೊಳ್ಳಿ! ಮೈಕ್ರೋವೇವ್ ಒಳಗೆ ಕೆಪಾಸಿಟರ್ ಇರುತ್ತದೆ, ಎರಡು ಸಾವಿರ ವೋಲ್ಟಿಗೂ ಮೇಲೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರಬಹುದು. ಮುಟ್ಟಿ ಸತ್ತವರಿದ್ದಾರೆ. ಓಟಿಜಿಯ ಸ್ಕ್ರೂ ಬಿಚ್ಚಿದಷ್ಟು ಸುಲಭ ಅಲ್ಲ ಇದು.

ಆ ಹಾಳೆ ಮೈಕಾ. ಜಿಡ್ಡು ಹಾರಿ ಕರಕಲಾದರೆ ಅಲ್ಲೇ ಕಿಡಿ ಬರುತ್ತದೆ. ಸದ್ಯ ಓಡಿಸಬೇಡಿ. ರಿಪೇರಿಯವರ ಹತ್ತಿರ ಮೈಕಾ ಶೀಟ್ ಸಿಗುತ್ತದೆ, ಅಳತೆಗೆ ಕತ್ತರಿಸಿ ಹಾಕಿಕೊಡುತ್ತಾರೆ. ಬಾಗಿಲು ಸೊಟ್ಟಗಾಗಿದ್ದರೆ, ಸರಿಯಾಗಿ ಮುಚ್ಚದಿದ್ದರೆ ಅದನ್ನೂ ತೋರಿಸಿ.

ಅಡಿಗೆಮನೆ ಸುಮಕ್ಕ (ಸಕಲೇಶಪುರ)
ಮೈಕ್ರೋವೇವ್ ತೊಳೆಯುವುದು ಸುಲಭ. ಗಾಜಿನ ಬಟ್ಟಲಿನಲ್ಲಿ ನೀರು, ಹಿಂಡಿದ ನಿಂಬೆ ಸಿಪ್ಪೆ ಹಾಕಿ ಬಿಸಿ ಮಾಡಿ, ಬಾಗಿಲು ಮುಚ್ಚೇ ಐದು ನಿಮಿಷ ಬಿಟ್ಟು ಒರೆಸಿ. ನೀರಿಗೆ ಒಂದು ಮರದ ಸೌಟು ಹಾಕಿರಿ. ಇಲ್ಲದಿದ್ದರೆ ಕುದಿಯದ ಹಾಗೆ ಕಂಡ ನೀರು ಮುಟ್ಟಿದ ಕೂಡಲೇ ಉಕ್ಕಿ ಕೈ ಸುಡುತ್ತದೆ.

ಎಸ್ಟೇಟ್ ರೈಟರ್
ನಮ್ಮ ತೋಟದ ಬಂಗಲೆಯಲ್ಲಿ ಹಳೆ ಗ್ಯಾಸ್ ಓವನ್ ಇದೆ. ಮೇಲೆ ನಾಲ್ಕು ಒಲೆ, ಕೆಳಗೆ ಓವನ್. ಧಣಿಗಳು ಬಂದಾಗ ಮಾತ್ರ ಹಚ್ಚುವುದು. ಉರಿ ಹಳದಿ ಬರುತ್ತದೆ, ಪಾತ್ರೆಗೆಲ್ಲ ಮಸಿ.

ಫ್ಯೂಸ್‌ಮಾವ (ಹಾಸನ)
ಉರಿ ನೀಲಿ ಇರಬೇಕು. ಹಳದಿ ಅಂದರೆ ಗಾಳಿ ಸಾಲುತ್ತಿಲ್ಲ. ಬಹಳ ದಿನ ಬಿಟ್ಟ ಬರ್ನರ್ ಕೊಳವೆಯಲ್ಲಿ ಜೇಡ ಬಲೆ ಕಟ್ಟುತ್ತದೆ, ಕಣಜ ಮಣ್ಣು ತುಂಬುತ್ತದೆ. ರೆಗ್ಯುಲೇಟರ್ ಬಂದ್ ಮಾಡಿ, ಗ್ಯಾಸ್ ರಿಪೇರಿಯವರಿಂದ ಬಿಚ್ಚಿಸಿ ತೂತು ಬಿಡಿಸಿ. ರಬ್ಬರ್ ಟ್ಯೂಬಿನ ತಾರೀಖೂ ನೋಡಿ, ಐದು ವರ್ಷಕ್ಕೆ ಬದಲಿಸಬೇಕು. ಸೋರಿಕೆ ನೋಡಲು ಸೋಪಿನ ನೀರು, ಕಡ್ಡಿ ಗೀರಬೇಡಿ.

ಹಚ್ಚುವಾಗ ಓವನ್ ಬಾಗಿಲು ಪೂರ್ತಿ ತೆಗೆದು, ಕಡ್ಡಿ ಗೀರಿ ಬರ್ನರ್ ಹತ್ತಿರ ಹಿಡಿದ ಮೇಲೆ ನಾಬ್ ತಿರುಗಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೇ ತುಂಬಿಕೊಳ್ಳುತ್ತದೆ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಸಿಲಿಂಡರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಎಸ್ಟೇಟ್ ರೈಟರ್
ಟ್ಯೂಬಿನ ತಾರೀಖು ಅಳಿಸಿಯೇ ಹೋಗಿದೆ. ಬದಲಿಸಲು ಹೇಳುತ್ತೇನೆ.

ಮೂಡಿಗೆರೆ ಮಳೆ
ಒಂದು ಬಿಟ್ಟು ಹೋಯಿತು. ಬಾಗಿಲಿನ ಗಾಜಿಗೆ ಸ್ಟೀಲ್ ನಾರು, ಚಾಕು ತಾಗಿಸಬೇಡಿ. ಬಿಸಿ ಗಾಜಿಗೆ ಒದ್ದೆ ಬಟ್ಟೆಯೂ ಬೇಡ. ನಮ್ಮ ಪಕ್ಕದ ಮನೆಯಲ್ಲಿ ಹೀಗೇ ಗೀರು ಬಿದ್ದ ಗಾಜು ಒಂದು ದಿನ ಇದ್ದಕ್ಕಿದ್ದ ಹಾಗೆ ಪುಡಿಪುಡಿ ಆಯಿತು. ಮತ್ತೆ ಮಳೆಗಾಲದಲ್ಲಿ ಜಿರಳೆ, ಹಲ್ಲಿ ಓಟಿಜಿ ಹಿಂದೆ ಮನೆ ಮಾಡುತ್ತವೆ. ಚೂರು ಉಳಿಯದ ಹಾಗೆ ನೋಡಿಕೊಂಡರೆ ಅರ್ಧ ಕಾಟ ತಪ್ಪುತ್ತದೆ.

ರಾಗಿಕುಕ್ಕಿ
ಆಯಿತು! ಮೊದಲು ಮೂಲೆಯಲ್ಲಿ ಸೋಡಾ ಹಚ್ಚಿ ನೋಡಿದೆ, ಕಪ್ಪಾಗಲಿಲ್ಲ. ಮೇಲ್ಭಾಗಕ್ಕೆ ಎರಡು ಸಲ ಹಚ್ಚಬೇಕಾಯಿತು. ಜಾಲರಿಯನ್ನು ಅತ್ತೆಯೇ ಬೂದಿ ಹಾಕಿ ಉಜ್ಜಿದರು, ಫಳಫಳ ಹೊಳೆಯುತ್ತಿದೆ. ಬಿಸಿಲಿಗಿಟ್ಟು ಖಾಲಿ ಹಚ್ಚಿದೆವು. ಸ್ವಲ್ಪ ಹೊಗೆ ಬಂದು ನಿಂತಿತು, ಕರೆಂಟ್ ಹೋಗಲಿಲ್ಲ.

ಆದರೆ ಸಂಜೆ ಪರೀಕ್ಷೆಗೆ ಅಂತ ಏಲಕ್ಕಿ ಬಾಳೆಹಣ್ಣಿನ ಕೇಕ್ ಇಟ್ಟರೆ 180 ಡಿಗ್ರಿಯಲ್ಲಿ ಮುಕ್ಕಾಲು ಗಂಟೆಯಾದರೂ ನಡುವೆ ಹಸಿ. ರಾಡ್ ಹಾಳಾಗಿದೆಯಾ?

ಅಡಿಗೆಮನೆ ಸುಮಕ್ಕ (ಸಕಲೇಶಪುರ)
ಬಾಳೆಹಣ್ಣಿನ ಕೇಕ್ ಹಾಗೇ, ಒಂದು ಗಂಟೆ ಹಿಡಿಯುತ್ತದೆ. ಮೊದಲೇ ಹಚ್ಚಿ ಕಾಯಿಸಿಕೊಂಡಿದ್ದಿರಾ?

ಫ್ಯೂಸ್‌ಮಾವ (ಹಾಸನ)
ಸಂಜೆ ವೋಲ್ಟೇಜ್ ಎಷ್ಟಿತ್ತು? ಎಲ್ಲರ ಮನೆಯಲ್ಲಿ ಗೀಸರ್, ಮೋಟರ್ ಓಡುವ ಹೊತ್ತು. 230 ಇರಬೇಕಾದದ್ದು 180ಕ್ಕೆ ಇಳಿದರೆ ನಿಮ್ಮ 2000 ವಾಟ್ ರಾಡ್ ಸುಮಾರು 1200 ವಾಟ್ ಕೆಲಸ ಮಾಡುತ್ತದೆ. ವೋಲ್ಟೇಜ್ ಇಳಿದದ್ದಕ್ಕಿಂತ ಶಾಖ ಜಾಸ್ತಿ ಇಳಿಯುತ್ತದೆ. ಹಾಗಾಗಿ ಕಾಯಲು ಹೊತ್ತು ಹಿಡಿಯುತ್ತದೆ, ಬಾಗಿಲು ತೆಗೆದು ನೋಡಿದರೆ ಇಳಿದ ಶಾಖ ಬೇಗ ಏರುವುದಿಲ್ಲ. ರಾಡ್ ಎರಡೂ ಕೆಂಪಗೆ ಕಾಯುತ್ತಿದ್ದರೆ ಹಾಳಾಗಿಲ್ಲ.

ಅಡಿಗೆಮನೆ ಸುಮಕ್ಕ (ಸಕಲೇಶಪುರ)
ಹಳೆ ಓಟಿಜಿಯ ನಾಬ್ ತೋರಿಸುವ 180 ನಿಜವಾದ 180 ಇರುವುದಿಲ್ಲ. ಒಳಗೆ ತೂಗು ಹಾಕುವ ಓವನ್ ಥರ್ಮಾಮೀಟರ್ ಬರುತ್ತದೆ, ಒಂದು ತರಿಸಿ. ಹುಟ್ಟುಹಬ್ಬದ ಕೇಕನ್ನು ಬೆಳಿಗ್ಗೆ ಹತ್ತು ಗಂಟೆ ಸುಮಾರಿಗೆ ಇಡಿ, ಅರ್ಧ ಗಂಟೆ ಬಾಗಿಲು ಮುಟ್ಟಬೇಡಿ. ಆಮೇಲೆ ಕಡ್ಡಿ ಚುಚ್ಚಿ ನೋಡಿ.

ತರೀಕೆರೆ ತರಲೆ
ಕೇಕ್ ಹಸಿ ಉಳಿದರೆ ನಮ್ಮ ಕಡೆ ಕಳಿಸಿ, ನಾವು ಬಾಣಲೆಗೆ ಹಾಕಿಕೊಳ್ಳುತ್ತೇವೆ.